ಕಡೆಯ ಹಾಳಿ ಅಂಗಡಿಯಲ್ಲೇ

ಬಾಡಿಗೆ ಪುಸ್ತಕದಂಗಡಿಯ ಚಾಚಾನ ಬಲಗೈ ಹೆಬ್ಬೆರಳಿನ ಉಗುರು ಉದ್ದಕ್ಕೆ ಬೆಳೆದು ಹಳದಿಗಟ್ಟಿತ್ತು. ಉಳಿದ ಉಗುರುಗಳನ್ನು ಶುಕ್ರವಾರದ ನಮಾಜಿಗೆ ಮುಂಚೆ ಒಪ್ಪವಾಗಿ ತೆಗೆದುಕೊಳ್ಳುತ್ತಿದ್ದರು, ಅದೊಂದನ್ನು ಮಾತ್ರ ಮುಟ್ಟುತ್ತಿರಲಿಲ್ಲ. ಅದು ಅವರ ಕಸುಬಿನ ಹತಾರ. ಬಾಡಿಗೆಗೆ ಹೋಗುವ ಪ್ರತಿ ಚಿತ್ರಕಥೆ ಪುಸ್ತಕದ ಕೊನೆಯ ಹಾಳಿಯನ್ನು ಆ ಉಗುರಿನಿಂದ ಗೀರಿ ಬಿಡಿಸಿ, ಬಿಸ್ಕತ್ತಿನ ಡಬ್ಬಿಯಲ್ಲಿ ಇಟ್ಟುಕೊಂಡು, ಉಳಿದದ್ದನ್ನು ಗಿರಾಕಿಯ ಕೈಗೆ ಕೊಡುವರು. "ಕಡೀ ಹಾಳಿ ಇಲ್ಲೇ ಬಂದು ಓದ್ರಿ" ಎನ್ನುವರು. ಪುಸ್ತಕ ತಂದು ಕೊಟ್ಟ ಮೇಲೆಯೇ ಅಂಗಡಿಯ ಹಲಗೆಯ ಮೇಲೆ ಕೂತು ಕಥೆಯ ಕೊನೆ ನೋಡಬೇಕು. ಪುಸ್ತಕ ನುಂಗುವವರ ಕಾಟ ತಡೆಯಲಾರದೆ ಅವರು ಕಂಡುಕೊಂಡ ಉಪಾಯ ಇದು.

ಅಂಗಡಿ ಇದ್ದದ್ದು ವಿಜಾಪುರದ ಸ್ಟೇಷನ್ ರಸ್ತೆಯಲ್ಲಿ, ಒಂದು ಕಪಾಟಿಗಿಂತ ತುಸು ದೊಡ್ಡದು. ಮುಂಬೈಯ ರದ್ದಿಯಲ್ಲಿ ಬಂದ ಇಂಗ್ಲಿಷ್ ಚಿತ್ರಕಥೆಗಳು ಸೋಲಾಪುರದ ರೈಲಿನಲ್ಲಿ ಗಂಟುಗಂಟಾಗಿ ಬರುತ್ತಿದ್ದವು. ಎಪ್ಪತ್ತರ ದಶಕದ ಆ ವರ್ಷಗಳಲ್ಲಿ ನಾನು ತಿಕೋಟಾದ ಶಾಲೆಯಲ್ಲಿ ಟೀಚರು. ದಿನಾ ಬಸ್ಸಿನಲ್ಲಿ ಹೋಗಿ ಬರುವ ದಣಿವಿಗೆ ದಪ್ಪ ಪುಸ್ತಕ ಒಗ್ಗುತ್ತಿರಲಿಲ್ಲ. ಚಿತ್ರ ನೋಡುತ್ತ ಕೂತರೆ ಊರು ಬಂದದ್ದೇ ತಿಳಿಯುತ್ತಿರಲಿಲ್ಲ. ಮಕ್ಕಳ ಪುಸ್ತಕ ಓದುವ ಟೀಚರು ಎಂದು ಕಂಡಕ್ಟರ್ ನಗುತ್ತಿದ್ದ. ನಗಲಿ ಬಿಡು ಎಂದುಕೊಂಡೆ. ಚಾಚಾ ಮಾತ್ರ ಮಗ್ಗಿ ಕೇಳುವಷ್ಟೇ ಗಂಭೀರವಾಗಿ, "ಅಕ್ಕೋರ, ಇವತ್ತ ಹಾರಾಂವ ಬೇಕೋ, ಬೆಂಕಿ ಉಗಳಾಂವ ಬೇಕೋ?" ಎಂದು ಕೇಳುತ್ತಿದ್ದರು.

ಮನೆಯಲ್ಲಿ ಆಗ ಸುಖವಿರಲಿಲ್ಲ. ಗಂಡ ಬಿಟ್ಟುಹೋದ ಮೇಲೆ ನನ್ನ ಅಕ್ಕ ಜೋರಾಪುರ ಪೇಟೆಯ ನಮ್ಮ ಮನೆಗೆ ಬಂದಿದ್ದಳು. ನೀರಿಗೆ ಹೋದರೂ, ಕಾಯಿಪಲ್ಲೆಗೆ ಹೋದರೂ ಓಣಿಯವರದು ಒಂದೇ ಪ್ರಶ್ನೆ. ಅಷ್ಟರಲ್ಲಿ ಎಲ್ಲಿಂದಲೋ ಒಬ್ಬ ಗುರು ಬಂದ. ಬಬಲೇಶ್ವರದ ಆಚೆ ಬಯಲಿನಲ್ಲಿ ತಗಡಿನ ಶೆಡ್ಡು ಹಾಕಿ, ಸುತ್ತ ತಂತಿ ಬೇಲಿ ಬಿಗಿದ. ಲೋಕ ಮುಳುಗುತ್ತದೆ, ಬೇಲಿಯ ಒಳಗಿದ್ದವರು ಉಳಿಯುತ್ತಾರೆ ಎಂದು ಸಾರಿದ. ಅಕ್ಕ ಒಂದು ದಿನ ಅತ್ತ ಹೋದವಳು ಮರಳಲಿಲ್ಲ.

ನೋಡಲು ಹೋದೆ. ತಲೆಯ ಮೇಲೆ ಬಿಳಿ ಮುಸುಕು ಎಳೆದುಕೊಂಡು ಬೇಲಿಯ ಆಚೆ ನಿಂತಳು. ನಾನು ಕರೆದರೆ, "ಆ ಹೆಸರಿಲೆ ಕರೀಬ್ಯಾಡ, ಅದು ಸತ್ತೇತಿ" ಎಂದಳು. ಯಾಕೆ ಇಲ್ಲಿದ್ದೀ ಎಂದದ್ದಕ್ಕೆ, "ಇಲ್ಲಿ ಯಾರೂ ನಿನ್ನ ಗಂಡ ಎಲ್ಲಿ ಅಂತ ಕೇಳೂದಿಲ್ಲ" ಎಂದಳು. ಓಣಿಯ ಹಿರಿಯರ ಹತ್ತಿರ ಹೋದೆ, ಪೊಲೀಸ್ ಚೌಕಿಗೂ ಹೋದೆ. ತಿಳಿವಳಿಕೆ ಇರುವ ಹೆಂಗಸು, ತಾನಾಗಿ ಹೋಗಿದ್ದಾಳೆ ಎಂದು ಕೈತೊಳೆದುಕೊಂಡರು. ಅವ್ವ ಒಲೆಯ ಮುಂದೆ ಕೂತರೆ ಏಳುವುದನ್ನೇ ಮರೆಯುತ್ತಿದ್ದಳು.

ಒಂದು ಸಂಜೆ ಇದನ್ನೆಲ್ಲ ಚಾಚಾನ ಮುಂದೆ ಹೇಳಿಬಿಟ್ಟೆ. ಅವರು ಗಂಟು ಬಿಚ್ಚಿ ಒಂದು ಪುಸ್ತಕ ಹುಡುಕಿ ತೆಗೆದರು. ಹಳೆಯದು, ಬಣ್ಣ ಮಾಸಿದ್ದು. ನೆಲಮಾಳಿಗೆಯಲ್ಲಿ ಒಂದು ಗುಡಿ, ಕೋಡಿನ ಮುಖವಾಡ ತೊಟ್ಟ ಅರ್ಚಕ, ಅವನ ಮುಂದೆ ನೇರಳೆ ಮುಸುಕು ಹಾಕಿ ಸಾಲುಗಟ್ಟಿದ ಊರಿನ ಜನ. ಹಳದಿ ಬಿಗಿ ಉಡುಪಿನ ವೀರನೊಬ್ಬನನ್ನು ಬಲಿಪೀಠಕ್ಕೆ ಕಟ್ಟಿದ್ದಾರೆ, ವಿಗ್ರಹದ ಕಣ್ಣು ಕೆಂಪಾಗುತ್ತಿದೆ.

"ಇದನ್ನ ನಿಮ್ಮ ಅಕ್ಕಗ ಕೊಡ್ರಿ."

ನನಗೆ ಮೈ ಉರಿಯಿತು. "ನಮ್ಮ ಮನೀದು ನಿಮಗ ಚೇಷ್ಟಿ ಆತೇನ್ರಿ ಚಾಚಾ? ಅಕಿಗೆ ಇಂಗ್ಲಿಷ್ ಬರೂದಿಲ್ಲ."

"ಓದಾಕ ಯಾರ ಹೇಳ್ಯಾರ? ನೋಡಾಕ ಕಣ್ಣ ಅದಾವಲ್ರಿ" ಎಂದವರೇ ಹೆಬ್ಬೆರಳ ಉಗುರಿನಿಂದ ಕೊನೆಯ ಹಾಳಿ ಗೀರತೊಡಗಿದರು. ಇದೊಂದಕ್ಕಾದರೂ ಹಾಳಿ ಬಿಡಿ, ಆಕೆ ಬೇಲಿಯೊಳಗಿದ್ದಾಳೆ, ಇಲ್ಲಿಗೆ ಹೇಗೆ ಬಂದಾಳು ಎಂದು ಬೇಡಿಕೊಂಡೆ. ತಲೆ ಎತ್ತಲಿಲ್ಲ. "ಹಾಳಿ ಕೊಟ್ರ ಯಾಕ ಬರ್ತಾಳ್ರಿ ಅಕ್ಕೋರ?" ಎಂದರು.

ಆ ಭಾನುವಾರ ರೊಟ್ಟಿಯ ಗಂಟಿನ ಜೊತೆ ಪುಸ್ತಕ ಕೊಟ್ಟು, ಕೊನೆಯ ಹಾಳಿ ಸ್ಟೇಷನ್ ರಸ್ತೆಯ ಚಾಚಾನ ಅಂಗಡಿಯಲ್ಲಿದೆ ಎಂದು ಅಕ್ಕನಿಗೆ ಹೇಳಿಬಂದೆ. ಬೇಲಿ ಕಾಯುವವನು ಬೊಂಬೆ ಪುಸ್ತಕ ಎಂದು ಬಿಟ್ಟ. ಆಮೇಲೆ ಏನೂ ಆಗಲಿಲ್ಲ. ಬೇಸಿಗೆ ಕಾಲಿಟ್ಟಿತು, ನಾನು ತಿಕೋಟಾದ ಬಸ್ಸಿನಲ್ಲಿ ತೂಕಡಿಸುತ್ತ ಹೋಗಿ ಬಂದೆ. ನಿಜ ಹೇಳಬೇಕೆಂದರೆ ಆಸೆ ಪಡುವುದಕ್ಕೂ ನನ್ನಲ್ಲಿ ಶಕ್ತಿ ಉಳಿದಿರಲಿಲ್ಲ.

ಒಂದು ಶನಿವಾರ, ಮುಂಜಾನೆ ಶಾಲೆ ಮುಗಿಸಿ ಉರಿಬಿಸಿಲಿನಲ್ಲಿ ಅಂಗಡಿಗೆ ಬಂದೆ. ಹಲಗೆಯ ತುದಿಯಲ್ಲಿ ಬಿಳಿ ಸೀರೆಯ ಹೆಂಗಸೊಬ್ಬಳು ಕೂತಿದ್ದಳು. ಅಕ್ಕ. ಕಾಲೆಲ್ಲ ಧೂಳು. ನನ್ನನ್ನು ಕಂಡು ಮೊದಲು ಆಡಿದ ಮಾತು, "ನಾ ಇರಾಕ ಬಂದಿಲ್ಲ. ಅಲ್ಲಿ ಎಲ್ಲಾರೂ ಮುಂದ ಏನಾತು, ಮುಂದ ಏನಾತು ಅಂತ ಕೇಳಾಕತ್ತಾರ. ನೋಡಿ ಹೋಗಿ ಹೇಳ್ತೇನಿ ಅಂತ ಬಂದೇನಿ."

ಗುರುವಿಗೆ ಗೊತ್ತಾಗದಂತೆ ಹಾಸಿಗೆಯಿಂದ ಹಾಸಿಗೆಗೆ ಆ ಪುಸ್ತಕ ಓಡಾಡಿತ್ತಂತೆ. ಒಬ್ಬೊಬ್ಬರು ಒಂದೊಂದು ಕೊನೆ ಕಟ್ಟಿ ಜಗಳಾಡಿದ್ದರಂತೆ.

"ಪುಸ್ತಕ ಎಲ್ಲೈತಿ ತಂಗಿ?" ಎಂದರು ಚಾಚಾ.

"ಅಲ್ಲೇ ಐತ್ರಿ. ಅವ್ರು ನೋಡಾಕತ್ತಾರ."

ಪುಸ್ತಕ ಕೈಗೆ ಬರದೆ ಚಾಚಾ ಪೊಲೀಸ್ ಸಾಹೇಬರ ಮಗನಿಗೂ ಹಾಳಿ ತೋರಿಸಿದವರಲ್ಲ. ಅವತ್ತು ಅವರು ಡಬ್ಬಿ ತೆರೆದು, ಹುಡುಕಿ, ಹಾಳಿಯನ್ನು ಅಕ್ಕನ ಮಡಿಲಲ್ಲಿಟ್ಟರು.

ಮುಖವಾಡ ಒಡೆದಿತ್ತು, ಗುಡಿ ಕುಸಿದಿತ್ತು. ಹಳದಿ ಉಡುಪಿನವನು ಆಕಾಶದಲ್ಲಿ ಚುಕ್ಕಿಯಾಗಿದ್ದ. ಕೆಳಗೆ ಬೀದಿಯಲ್ಲಿ ಮುಸುಕು ಸರಿದ ಜನ ಮೇಲೆ ನೋಡುತ್ತ ನಿಂತಿದ್ದರು. ಅಷ್ಟೇ. ಉಳಿದರ್ಧ ಹಾಳಿಯಲ್ಲಿ ಸೈಕಲ್ಲಿನ ಜಾಹೀರಾತು.

"ಇಂವ ಹ್ವಾದ" ಎಂದಳು ಅಕ್ಕ.

"ಅಂವನ ಕೆಲಸ ಮುಗೀತು, ಹಾರಿ ಹ್ವಾದ" ಎಂದರು ಚಾಚಾ.

ಅಕ್ಕ ನಿಂತ ಜನರ ಮೇಲೆ ಬೆರಳಿಟ್ಟಳು. "ಇವ್ರು?"

"ಇವ್ರಿಗೆ ಹಾರಾಕ ಬರೂದಿಲ್ಲ ತಂಗಿ. ಬಸ್ಸ ಹಿಡದ ಮನಿಗಿ ಹೋಗಬೇಕು."

"ಮನ್ಯಾಗ ಕರಕೋತಾರೇನ್ರಿ?"

"ಅದನ್ನ ಬರದಾಂವ ಬರದಿಲ್ಲ. ಹಾಳಿ ಸಾಲಲಿಲ್ಲ ಕಾಣಸ್ತೈತಿ" ಎಂದು ಚಾಚಾ ನನ್ನ ಮುಖ ನೋಡಿದರು.

ಅಕ್ಕನಿಗೆ ಬಯ್ಯಬೇಕೆಂದು ಎಷ್ಟು ಮಾತು ಕೂಡಿಟ್ಟಿದ್ದೆನೋ. ಅದನ್ನೆಲ್ಲ ಬಿಟ್ಟು, "ಅವ್ವ ಏನಂತಾಳ, ಕೈಕಾಲ ತೊಳಕೊ ಅಂತಾಳ. ನಡಿ" ಎಂದೆ.

ಅಕ್ಕ ಬಹಳ ಹೊತ್ತು ಕೂತಿದ್ದಳು. ಬಬಲೇಶ್ವರದ ಬಸ್ಸಿನ ಹೊತ್ತೂ ಮೀರಿತು. ಕೊನೆಗೆ ತಾನೇ ಎದ್ದಳು. ಚಾಚಾ ಹಾಳಿ ತೆಗೆದುಕೊಳ್ಳುತ್ತ, "ನಾಳಿಗಿ ಬಾ ತಂಗಿ, ಹರದ ಪುಸ್ತಕ ಭಾಳ ಅದಾವ. ನನಗ ಕಣ್ಣ ಸಾಲೂದಿಲ್ಲ" ಎಂದರು. ಮನೆಯಲ್ಲಿ ಅವ್ವ ಕೈಕಾಲು ತೊಳೆದುಕೋ ಎಂದೂ ಅನ್ನಲಿಲ್ಲ. ತಂಬಿಗೆ ತುಂಬಿ ತಂದು ತಾನೇ ಅವಳ ಕಾಲಿಗೆ ನೀರು ಸುರಿದಳು.

ಮಾರನೆಯ ದಿನದಿಂದ ಅಕ್ಕ ಆ ಅಂಗಡಿಯಲ್ಲಿ ಗೋಂದು ಹಚ್ಚುತ್ತ ಕೂತಳು. ಅಲ್ಲಿ ಯಾರೂ ಗಂಡ ಎಲ್ಲಿ ಎಂದು ಕೇಳಲಿಲ್ಲ. ಕೇಳಬಂದವರಿಗೆ ಚಾಚಾ, "ಪುಸ್ತಕ ತಗೋತೀರೋ, ನೆರಳಿಗೆ ನಿಂತೀರೋ?" ಎನ್ನುತ್ತಿದ್ದರು. ಬೇಲಿಯೊಳಗಿನವರ ಪೈಕಿ ಕನಮಡಿಯ ಒಬ್ಬ ಮುದುಕಿ ಕಥೆಯ ಕೊನೆ ಕೇಳಿಕೊಂಡು ಬಂದಳು, ನೋಡಿ, ತನ್ನ ಊರಿನ ಬಸ್ಸು ಹತ್ತಿದಳು. ಉಳಿದವರು ಬರಲಿಲ್ಲ. ಮಳೆಗಾಲಕ್ಕೆ ಮುಂಚೆ ಶೆಡ್ಡು ಕಿತ್ತುಕೊಂಡು ಗುರು ಅವರನ್ನೆಲ್ಲ ಎಲ್ಲಿಗೋ ಕರೆದೊಯ್ದ. ಇಂಥವರು ಆಮೇಲೂ ಬಂದರು, ಈಗಲೂ ಬರುತ್ತಾರೆ. ಸಿಟ್ಟು ಮಾಡುವುದಕ್ಕೂ ಬೇಸರ.

ಚಾಚಾ ಆ ದಶಕ ಮುಗಿಯುವುದರೊಳಗೆ ತೀರಿಕೊಂಡರು. ಮಧ್ಯಾಹ್ನ ಪುಸ್ತಕದ ಗಂಟಿಗೆ ಒರಗಿ ಮಲಗಿದವರು ಏಳಲಿಲ್ಲ. ನನ್ನ ಅಕ್ಕನನ್ನು ಮನೆಗೆ ತಂದುಕೊಟ್ಟ ಮನುಷ್ಯನಿಗೆ ನಾನು ಒಂದು ದಿನವೂ ಉಪಕಾರವಾಯಿತು ಎನ್ನಲಿಲ್ಲ. ಅಂದಿದ್ದರೆ ಹಾರುವವನು ಬೇಕೋ ಎಂದು ಮಾತು ಮರೆಸುತ್ತಿದ್ದರು. ಅಂಗಡಿ ಮುಚ್ಚುವಾಗ ಅವರ ಹೆಂಡತಿ ಪುಸ್ತಕಗಳನ್ನೂ ಡಬ್ಬಿಯನ್ನೂ ಅಕ್ಕನಿಗೇ ಒಪ್ಪಿಸಿದರು. ಅಕ್ಕ ಪಡಸಾಲೆಯಲ್ಲಿ ಕೂತು ಒಂದೊಂದೇ ಹಾಳಿಯನ್ನು ಅದರದರ ಪುಸ್ತಕಕ್ಕೆ ಅಂಟಿಸಿದಳು.

ಕೊನೆಗೆ ಡಬ್ಬಿಯಲ್ಲಿ ಒಂದು ಹಾಳಿ ಉಳಿಯಿತು. ಅದನ್ನು ಇಟ್ಟುಕೊಂಡು ಏನು ಮಾಡುತ್ತೀ ಎಂದೆ.

"ಅದರ ಪುಸ್ತಕ ಇನ್ನೂ ಆ ಬೇಲಿ ಒಳಗಿನವ್ರ ಕೈಯಾಗ ಐತಿ. ಯಾರರೆ ಕೇಳಕೋತ ಬಂದ್ರ ಬೇಕಲ್ಲ" ಎಂದಳು, ಡಬ್ಬಿಯನ್ನು ಬಾಗಿಲ ಪಕ್ಕದ ಗೂಡಿನಲ್ಲಿ ಇಟ್ಟಳು.