ಕೆರಿಯ ನಾಯ್ಕ ಇಟ್ಟ ದೇವರು

ಗರ್ರ್ ಎಂದು ಹೊಳೆಯ ಕಡೆಯಿಂದ ಯಂತ್ರದ ಗರಗಸದ ಸದ್ದು ಬಂದಾಗ ಕೆರಿಯ ನಾಯ್ಕ ಗದ್ದೆಯ ಅಂಚಿನಲ್ಲಿ ಹುಲ್ಲು ಕೊಯ್ಯುತ್ತಿದ್ದ. ಹಸಿಮರಕ್ಕೆ ಇಳಿದಾಗ ಗರಗಸದ ಸದ್ದು ತಗ್ಗುತ್ತದೆ, ಉಸಿರು ಕಟ್ಟಿದ ಹಾಗೆ. ಅದು ತಗ್ಗಿತು. ಕತ್ತಿ ಕೈಯಲ್ಲಿದ್ದಂತೆಯೇ ಅವನು ಓಡಿದ.

ಸಿದ್ದಾಪುರದ ಈ ಬದಿಯಲ್ಲಿ ಅಘನಾಶಿನಿ ತಿರುಗುವಲ್ಲಿ ಒಂದು ಗುಂಡಿಯಿದೆ. ತೊಂಬತ್ತರ ದಶಕದ ಮೊದಲಿಗೆ ಅದರಲ್ಲಿ ಮೀನೇ ಇರಲಿಲ್ಲ. ತೋಟೆ ಸಿಡಿಸಿ ಮೀನು ಹಿಡಿಯುವವರು ಮರಿಗಳನ್ನೂ ಬಿಟ್ಟಿರಲಿಲ್ಲ. ದಡದ ಮರಗಳು ಸೌದೆಯಾಗಿದ್ದವು. ಅದೇ ಹೊಳೆ ಘಟ್ಟ ಇಳಿದು ಸಮುದ್ರ ಸೇರುವ ಅಳಿವೆಯಲ್ಲಿ ಕೆರಿಯನ ಹೆಂಡತಿಯ ತವರು. ಅಲ್ಲಿ ಊರವರೇ ಸೇರಿ ಉಪ್ಪುನೀರಿನ ಕೆಸರಿನಲ್ಲಿ ಬೆಳೆಯುವ ಕಾಂಡ್ಲ ಗಿಡ ನೆಟ್ಟಿದ್ದನ್ನು, ಅದರ ಬೇರಿನ ಸಂದಿಗೆ ಸಿಗಡಿ, ಏಡಿ ಮರಳಿದ್ದನ್ನು ನೋಡಿ ಬಂದವನು ಸುಮ್ಮನೆ ಕೂರಲಿಲ್ಲ. "ಅಲ್ಲಿ ಆಗೋದು ಇಲ್ಲಿ ಎಂತಕ್ಕೆ ಆಗಲ್ಲ?" ಎಂದು ಎರಡೂ ದಡದ ಮನೆಮನೆ ಸುತ್ತಿದ. ಮೊದಲು ಜೊತೆಗೆ ಬಂದವರು ಅಡಿಕೆ ಬೆಳೆಗಾರ ವೆಂಕಟ್ರಮಣ ಹೆಗಡೆಯವರು. ದಡದುದ್ದಕ್ಕೂ ಹೊಂಗೆ, ವಾಟೆ ಬಿದಿರು ನೆಟ್ಟರು. ಮನೆಗೊಬ್ಬರಂತೆ ಕಾವಲು ಕಾದರು. ಅಷ್ಟಿಷ್ಟು ಮೀನು ಮರಳಿದವು, ಆದರೆ ಹೊರಗಿನವರ ತೋಟೆ ನಿಲ್ಲಲಿಲ್ಲ.

ಆಗ ಕೆರಿಯ ಹೇಳಿದ: "ಇವು ದೇವ್ರ ಮೀನು ಅಂದ್ಬಿಡನ. ಒಂದು ಕಲ್ಲಿಟ್ಟು ಕುಂಕುಮ ಹಚ್ಚನ."

ಹೆಗಡೆಯವರು ನಕ್ಕರು. "ಬ್ರಹ್ಮಂಗೆ ರಜೆ ಕೊಟ್ಟು ನಿನ್ನ ಕೂರಿಸಿದ್ರೇನೋ ಮಾರಾಯಾ?"

ಬಚ್ಚಲಿಗೆಂದು ತಂದಿಟ್ಟಿದ್ದ ಕಲ್ಲನ್ನೇ ಕೆರಿಯ ಹೊತ್ತು ತಂದ. ತೋಟೆ ನಿಂತಿತು. ವರ್ಷಗಳು ಕಳೆದು ಹೊಂಗೆ ನೆರಳಾಯಿತು. ನೀರಿಗಿಳಿದ ಬೇರುಗಳ ನಡುವೆ ಮೀನುಗಳು ಮೊಟ್ಟೆಯಿಟ್ಟವು. ಮೋಡದ ನೆರಳು ಸರಿದಂತೆ ಮರಿಗಳ ಹಿಂಡು ಸರಿಯುವುದನ್ನು ನೋಡುತ್ತ ಅವನು ಊಟ ಮರೆಯುತ್ತಿದ್ದ.

ಆಮೇಲೆ ಯಾರದೋ ಹರಕೆ ಫಲಿಸಿತು. ಶಿರಸಿಯಿಂದ ಭಕ್ತರ ವ್ಯಾನುಗಳು ಬಂದವು. ಗುಡಿ ಕಟ್ಟಲು ಸಮಿತಿಯಾಯಿತು, ಹೆಗಡೆಯವರು ಅಧ್ಯಕ್ಷರಾದರು. ಜ್ಯೋತಿಷಿ ಕವಡೆ ಹಾಕಿ, ಕಲ್ಲು ತಾನಾಗಿ ಉದ್ಭವಿಸಿದ್ದೆಂದ. ಈಗ, ೨೦೦೬ರಲ್ಲಿ, ಸ್ನಾನಘಟ್ಟ ಕಟ್ಟಲು ದಡದ ಹೊಂಗೆಗಳು ಉರುಳುತ್ತಿದ್ದವು. ಕೆರಿಯ ಓಡಿ ಬಂದಾಗ ಹೆಗಡೆಯವರೇ ಮುಂದೆ ನಿಂತು ಕಡಿಸುತ್ತಿದ್ದರು.

"ಹೆಗ್ಡೇರೇ, ಬೇರು ಹೋದ್ರೆ ಮರಿ ಎಲ್ಲಿ ಉಳೀತಾವೆ? ನೀವೇ ನೆಟ್ಟಿದ್ದಲ್ರಾ!"

"ಭಕ್ತರು ಜಾರಿ ಬಿದ್ರೆ ಯಾರು ನೋಡೋದು? ಮೀನಿಗೆಂತ ಆಗ್ತದೆ? ಅವು ದೇವರ ಮೀನು."

"ದೇವ್ರೂ ಇಲ್ಲ, ದಿಂಡ್ರೂ ಇಲ್ಲ. ಅದು ನಮ್ಮನೆ ಬಚ್ಚಲ ಕಲ್ಲು. ನಿಮ್ಮೆದುರೇ ಹೊತ್ತು ತಂದಿದ್ದು."

ಕೆಲಸದವರು ಗರಗಸ ನಿಲ್ಲಿಸಿ ನೋಡಿದರು. ಹೆಗಡೆಯವರು ದನಿ ತಗ್ಗಿಸಿದರು.

"ಹೇಳು. ಇವರಿಗೂ ಹೇಳು, ಪೇಟೆಗೂ ಹೇಳು. ದೇವರಲ್ಲ ಅಂತಾದ್ರೆ ನಾಳೆಯೇ ತೋಟೆ ಬೀಳ್ತದೆ. ಹೇಳ್ತೀಯೇನು?"

ಕೆರಿಯ ಬಾಯಿ ತೆರೆದ. ಗುಂಡಿಯಲ್ಲಿ ಭಕ್ತರು ಎಸೆದ ಮಂಡಕ್ಕಿಗೆ ಮುತ್ತಿದ ಮೀನುಗಳ ಬೆನ್ನು ಹೊಳೆಯಿತು.

"ಎಂತ ಕಲ್ಲು, ಕೆರಿಯಣ್ಣ?" ಕೆಲಸದವನೊಬ್ಬ ಕೇಳಿದ.

"ಎಂತದೂ ಇಲ್ಲ."

"ಹಾಂ, ಹಾಗೆ ಬಾ ದಾರಿಗೆ," ಎಂದರು ಹೆಗಡೆಯವರು. "ಪ್ರತಿಷ್ಠೆಯ ಆಮಂತ್ರಣದಲ್ಲಿ ನಿನ್ನ ಹೆಸರೂ ಹಾಕ್ಸುವ. ಬೇಕಾದ್ರೆ ಆಚೆ ದಡದಲ್ಲಿ ಬೇರೆ ಗಿಡ ನೆಡುವ, ಜಾಗ ನೀನೇ ತೋರ್ಸು, ಆಳು ನಾನು..."

ಅವರ ಮಾತು ಮುಗಿಯುವ ಮೊದಲೇ ಕೆರಿಯ ಬೆನ್ನು ತಿರುಗಿಸಿ, ಗದ್ದೆಯ ಬದು ಹಿಡಿದು ನಡೆದಿದ್ದ.