ಬೂದಿಯಲ್ಲಿ ಆರಿದ ಕಂಚು

ನನ್ನ ಮೈದುನನ ಬಲ ಹುಬ್ಬು ಅರ್ಧ ಸುಟ್ಟುಹೋಗಿತ್ತು. ಯಾವುದೋ ಲೋಹ ಕರಗಿಸಲು ಹೋಗಿ ಮಾಡಿಕೊಂಡದ್ದು. ಹುಬ್ಬು ಹೋಯಿತು, ಕಣ್ಣು ಉಳಿಯಿತು, ಅಷ್ಟು ದೇವರ ದಯ.

ಚಿಂತಾಮಣಿಯ ಹೈಸ್ಕೂಲಿನಲ್ಲಿ ಅವರು ವಿಜ್ಞಾನದ ಮೇಷ್ಟ್ರು. ಐವತ್ತರ ದಶಕದ ಕೊನೆಗೆ ನಾನು ಆ ಮನೆಗೆ ಸೊಸೆಯಾಗಿ ಬಂದೆ. ಶಾಲೆಯಲ್ಲಿ ಮುಗಿಯದ ಪಾಠ ನನ್ನ ಅಡುಗೆಮನೆಗೆ ಬರುತ್ತಿತ್ತು. ನಾನು ಆರಿಸಿಟ್ಟ ಅವರೆಕಾಳಿಗೆ ಕಡಲೆ ಸುರಿದು, "ನೋಡಿ ಅತ್ತಿಗೆ, ಇವು ಪರಮಾಣು. ಒಂದೇ ಜಾತಿ ಆದ್ರೆ ಸಾಲು ಸರಾಗ ಜಾರುತ್ತೆ, ಲೋಹ ಬಗ್ಗುತ್ತೆ. ಬೇರೆ ಜಾತಿ ನಡುವೆ ಬಿಗಿಯಾಗಿ ಕೂತ್ರೆ ಜಾರಲ್ಲ, ಮುರಿಯುತ್ತೆ" ಎನ್ನುತ್ತಿದ್ದರು.

"ಈಗ ಇದನ್ನ ಬೇರೆ ಮಾಡೋರ್ಯಾರಪ್ಪ?" ಅನ್ನುವಷ್ಟರಲ್ಲಿ ಸೈಕಲ್ ಹತ್ತಿ ಹೋಗಿರುತ್ತಿದ್ದರು.

ನನ್ನ ಅಮ್ಮ ಕೊಟ್ಟಿದ್ದ ಕಂಚಿನ ತಟ್ಟೆಯಲ್ಲೇ ನಾನು ದೇವರಿಗೆ ನೈವೇದ್ಯ ಇಡುತ್ತಿದ್ದುದು. ಅಮ್ಮ ತೀರಿಕೊಂಡ ಮೇಲೆ ಅವಳ ಗುರುತೆಂದು ಉಳಿದದ್ದು ಅದೊಂದೇ. ಒಮ್ಮೆ ಒರಳುಕಲ್ಲಿಗೆ ತಾಗಿ ಅದರ ಅಂಚು ಬಾಗಿತು.

"ಕೊಡಿ, ನೆಟ್ಟಗೆ ಮಾಡ್ತೀನಿ."

"ಬೇಡಪ್ಪ, ಹಾಗೇ ಇರ್ಲಿ."

ಕೇಳಿದರೆ ತಾನೇ! ನಾನು ಕೈವಾರಕ್ಕೆ ಹೋಗಿ ಬರುವುದರೊಳಗೆ ಹಿತ್ತಲಲ್ಲಿ ಇದ್ದಿಲು ಊದಿ, ತಟ್ಟೆಯನ್ನು ಕೆಂಪಗೆ ಕಾಯಿಸಿ, ಬೂದಿಯಲ್ಲಿ ಹೂತು ಆರಿಸಿದ್ದರು. ಕಬ್ಬಿಣದ ಕುಡುಗೋಲನ್ನು ಹಾಗೆ ನಿಧಾನವಾಗಿ ಆರಿಸಿದರೆ ಮೆತ್ತಗಾಗುತ್ತದಂತೆ. ಕಂಚೂ ಹಾಗೇ ಎಂದು ಅವರ ಎಣಿಕೆ. ನನ್ನ ಕಣ್ಣೆದುರೇ ಅಂಚಿಗೆ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದರು. ತಟ್ಟೆ ಹಪ್ಪಳದ ಹಾಗೆ ಚೂರಾಯಿತು.

ನನಗೆ ಅಳಲಾರದಷ್ಟು ಸಿಟ್ಟು. ಒಡೆದ ಪಾತ್ರೆಯನ್ನು ದೇವರ ಮುಂದೆ ಇಡುವಂತಿಲ್ಲ, ಎಸೆಯಲು ಕೈ ಬರುವುದಿಲ್ಲ.

ಮಾರನೆಯ ಸಂಜೆ ಹಿತ್ತಲಿಂದ ಕೂಗು: "ವದಿನಮ್ಮಾ! ಬಗ್ಗಿತು!" ಏನಾದರೂ ಕೆಡಿಸಿದ ಮೇಲೆ ಮಾತ್ರ ಅತ್ತಿಗೆ ಹೋಗಿ ತೆಲುಗಿನ ವದಿನಮ್ಮ ಆಗುತ್ತಿದ್ದೆ. ತಟ್ಟೆಯ ದೊಡ್ಡ ಚೂರನ್ನು ಮತ್ತೆ ಕಾಯಿಸಿ, ಈ ಸಲ ಥಟ್ಟನೆ ನೀರಿಗೆ ಹಾಕಿದ್ದರು.

"ಕಂಚು ಕಬ್ಬಿಣಕ್ಕೆ ಉಲ್ಟಾ ಕಣಮ್ಮ! ನಿಧಾನಕ್ಕೆ ಆರಿದ್ರೆ ಒಳಗಿನ ತಾಮ್ರ, ತವರ ಎರಡೂ ಬಿಗಿಯಾಗಿ ಹೆಣೆದುಕೊಳ್ಳೋಕೆ ಪುರುಸೊತ್ತು ಸಿಗುತ್ತೆ. ನೀರಿಗೆ ಹಾಕಿದ್ರೆ ಸಿಗಲ್ಲ!"

"ನಮ್ಮಮ್ಮನ ತಟ್ಟೆ ಹೋಯ್ತು. ಇವರಿಗೆ ಪುರುಸೊತ್ತಿನ ಚಿಂತೆ!"

ಆಗಷ್ಟೇ ಅವರ ಮುಖ ಇಳಿಯಿತು. ಆಮೇಲೆ ರಜೆ ಬಂದಾಗಲೆಲ್ಲ ಆ ಚೂರನ್ನು ಕಾಯಿಸುವುದು, ಬಡಿಯುವುದು, ನೀರಿಗೆ ಹಾಕುವುದು. ನನ್ನ ಇದ್ದಿಲೆಲ್ಲ ಖಾಲಿ. ಕೊನೆಗೆ ಒಂದು ಪುಟ್ಟ ಬಟ್ಟಲು ತಂದು ಮುಂದಿಟ್ಟರು. ಅಂಚೆಲ್ಲ ಸೊಟ್ಟ.

"ಇದು ಒಡೆದದ್ದಲ್ಲ ಅತ್ತಿಗೆ, ಹೊಸದಾಗಿ ಹುಟ್ಟಿದ್ದು. ದೇವರು ಒಪ್ಪಲ್ವಾ?"

"ದೇವರು ಒಪ್ಪಬಹುದು, ನಾನು ಒಪ್ಪಲ್ಲ" ಅಂದೆ. ಬೆಳಿಗ್ಗೆ ಹುಣಸೆಹಣ್ಣಿನಲ್ಲಿ ತಿಕ್ಕಿ, ಕುಂಕುಮ ತುಂಬಿ ದೇವರ ಮುಂದಿಟ್ಟೆ. ಅವರು ನೋಡಿದರು, ಅದೊಂದು ದಿನ ಪಾಠ ಹೇಳಲಿಲ್ಲ.

ಅವರು ಹೋಗಿ ವರ್ಷಗಳಾದವು. ಈಗ ನನ್ನ ಕೈ ನಡುಗುತ್ತದೆ. ಬಟ್ಟಲು ಆಗಾಗ ಜಾರಿ ನೆಲಕ್ಕೆ ಬೀಳುತ್ತದೆ, ಠಣ್ ಅನ್ನುತ್ತದೆ, ಒಡೆಯುವುದಿಲ್ಲ. ಚೆಲ್ಲಿದ ಕುಂಕುಮ ಬಳಿಯುತ್ತಾ ಅವರನ್ನೇ ಬೈಯುತ್ತೇನೆ: "ಅಂಚೊಂದು ನೆಟ್ಟಗೆ ಮಾಡಿದ್ರೆ ಕೈಯಲ್ಲಿ ನಿಲ್ತಿತ್ತಲ್ಲಪ್ಪ!"