ಅರ್ಧಕ್ಕೆ ನಿಂತ ಮುಳ್ಳು

ಕಾನ್ವೆಂಟಿನಲ್ಲಿ ಓದಿದವಳು ನಾನು. ಯಾರಾದರೂ ಪವಾಡದ ಮಾತೆತ್ತಿದರೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದೆ. ಈಗಲೂ ನಂಬುತ್ತೇನೆಂದು ಹೇಳಲಾರೆ. ನಡೆದದ್ದನ್ನಷ್ಟೇ ಬರೆಯುತ್ತೇನೆ.

ಆಗ ನಿಜಾಮರ ಕಾಲ. ನಮ್ಮ ಯಜಮಾನರ ಹತ್ತಿರ ಇಬ್ಬರೇ ಕೂಡುವ ಹಳೆಯ ರೇಸಿನ ಮೋಟಾರು ಇತ್ತು. ಪೆಟ್ರೋಲ್ ತೋರಿಸುವ ಅದರ ಮುಳ್ಳು ಟಾಕಿ ತುಂಬಿದರೂ ಅರ್ಧ, ಬತ್ತಿದರೂ ಅರ್ಧ. ಹಾಗಾಗಿ ಹೊರಡುವ ಮೊದಲು ಟಾಕಿಗೆ ಜೋಳದ ದಂಟು ಅದ್ದಿ, ಎಷ್ಟು ತೊಯ್ದಿದೆಯೆಂದು ನೋಡುವುದು ನಮ್ಮ ವಾಡಿಕೆ.

ಆ ದಿನ ಕಮಲಾಪುರದಲ್ಲಿ ಭಾವನವರ ಮನೆಯಲ್ಲಿದ್ದೆವು. ತಮ್ಮನಾದ ನಮ್ಮವರು ಕಲಬುರಗಿಯಲ್ಲಿ ಬೇರೆ ಮನೆ ಮಾಡಿದ ಸಿಟ್ಟು ಅವರಿಗಿನ್ನೂ ಆರಿರಲಿಲ್ಲ. ನಮ್ಮವರು ಮುಳ್ಳು ಸರಿಮಾಡಲೆಂದು ಅಂಗಳದಲ್ಲಿ ಟಾಕಿ ಬಿಚ್ಚಿ, ಒಳಗೆ ತೇಲುವ ಬುಂಡೆಯ ತಂತಿ ಬಗ್ಗಿಸುತ್ತಿದ್ದರು.

"ನಮ್ಮ ಎತ್ತಿಗಿ ಮುಳ್ಳು ಬೇಕಾಗಿಲ್ಲ ತಮ್ಮಾ. ಹಸಿದ್ರ ತಾನೇ ಹೇಳ್ತದ," ಎಂದರು ಭಾವ.

"ನಿನ್ನ ಎತ್ತು ನಿನಗಿರಲಿ. ನಿನ್ನ ಬಾಗಲಿಗಿ ಬಂದು ಬೇಡೂದಿಲ್ಲ ನಾ."

ಭಾವ ತಿನ್ನುತ್ತಿದ್ದ ಕೆಂಪು ಬಾಳೆಯ ಸಿಪ್ಪೆಯನ್ನು ಮೋಟಾರಿನ ಗಾಲಿಯ ಬಳಿ ಒಗೆದರು. ನಮ್ಮವರು ದಂಟು ಅದ್ದಿದರು. ಅರ್ಧ ತೊಯ್ದಿತ್ತು, ಮುಳ್ಳೂ ಅರ್ಧಕ್ಕಿತ್ತು. ಸರಿಯಾಯಿತೆಂದು ಉಣ್ಣಲು ಕುಳಿತರು.

ಮುಂಜಾನೆಯಿಂದ ಮೈ ಬೆಚ್ಚಗಿದ್ದ ನಮ್ಮ ಪುಟ್ಟ ಮಗಳ ಗಂಟಲು ಮಧ್ಯಾಹ್ನ ಬಿಗಿಯತೊಡಗಿತು. ಉಸಿರು ಸಿಳ್ಳೆಯಂತೆ ಬರುತ್ತಿತ್ತು. ಭಾವ ತೋಟಕ್ಕೆ ಹೋಗಿಬಿಟ್ಟಿದ್ದರು.

"ಒಮ್ಮಿ ದಂಟು ಅದ್ದಿ ನೋಡ್ರಿ," ಎಂದೆ.

"ಈಗ ತಾನೇ ಮುಳ್ಳು ಸರಿ ಮಾಡೀನಲ್ಲ? ಕೂಡು."

ದಾರಿಯುದ್ದಕ್ಕೂ ಒಮ್ಮೆ ಮಗುವಿನ ತುಟಿ, ಒಮ್ಮೆ ಮುಳ್ಳು ನೋಡುತ್ತಿದ್ದೆ. ತುಟಿ ನೀಲಿಯಾಗುತ್ತಿತ್ತು. ಗಾಡಿ ತಗ್ಗಿನಲ್ಲಿ ಕುಣಿದರೂ ಮುಳ್ಳು ಅಲುಗಲಿಲ್ಲ. ಆ ಮೋಟಾರಿನಲ್ಲಿ ಸದಾ ಇರುತ್ತಿದ್ದ ಪೆಟ್ರೋಲಿನ ವಾಸನೆ ಮಾತ್ರ ಇರಲಿಲ್ಲ. ದೀಪ ಹಚ್ಚುವ ಮೊದಲೇ ಕಲಬುರಗಿಯ ದವಾಖಾನೆ ಸೇರಿದೆವು. ಮಗು ಉಳಿಯಿತು.

ಮರುದಿನ ಬೆಳಿಗ್ಗೆ ಭಾವ ಚಕ್ಕಡಿಯಲ್ಲಿ ದವಾಖಾನೆಗೆ ಬಂದರು. ಕೈಯಲ್ಲೊಂದು ಡಬ್ಬಿ.

"ಕೂಸು ಹ್ಯಾಂಗದ?" ಎಂದವರು ನೆಲ ನೋಡುತ್ತ ನಿಂತರು. "ನೀವು ಹ್ಯಾಂಗ ಬಂದ್ರಿ? ನೀವು ಉಣ್ಣಾಕ ಕುಂತಾಗ ಟಾಕಿ ಪೂರಾ ಖಾಲಿ ಮಾಡಿದ್ದೆ ನಾ. ನೀ ಬಂದು ಎತ್ತು ಕೇಳ್ಲಿ ಅಂತ."

ನಮ್ಮವರು ಟಾಕಿಗೆ ದಂಟು ಇಳಿಸಿದರು. ತುದಿಗೆ ಒಣ ತುಕ್ಕು ಹತ್ತಿತು. ಮುಳ್ಳು ಅರ್ಧಕ್ಕಿತ್ತು. ಅಣ್ಣನ ಕೈಯಿಂದ ಡಬ್ಬಿ ಕಸಿದು, ಅದರಲ್ಲಿದ್ದ ಪೆಟ್ರೋಲನ್ನು ಟಾಕಿಗೆ ಸುರಿದರು. ವಾಸನೆ ಗಪ್ಪನೆ ಬಂತು, ದಂಟು ಅರ್ಧ ತೊಯ್ದಿತು. ನಾನು ನೋಡುತ್ತಿದ್ದಂತೆ ಮುಳ್ಳು ಸಾವಕಾಶ ಸೊನ್ನೆಗೆ ಇಳಿಯಿತು.

"ತಳದಾಗ ಒಂದೀಟು ಉಳಿದಿರಬೇಕು," ಎನ್ನುತ್ತಾರೆ ನಮ್ಮವರು. ಅಷ್ಟು ದೂರಕ್ಕೆ ಒಂದೀಟು ಸಾಲುತ್ತದೆಯೇ? ಅಣ್ಣನೊಂದಿಗೆ ಅವರು ಮತ್ತೆ ಮಾತಾಡಲಿಲ್ಲ. ಎಷ್ಟು ಸಲ ಬಿಚ್ಚಿ ಜೋಡಿಸಿದರೂ ಆ ಮುಳ್ಳು ಸೊನ್ನೆಯಿಂದ ಮೇಲೇಳಲಿಲ್ಲ. ಯಾಕೆಂದು ನನಗೆ ಇಂದಿಗೂ ತಿಳಿದಿಲ್ಲ.